ಚೀನೀ ಕಲಿಯಲು ಹೊರಟವರಿಗೆ ಚೀನೀ ಯಾತ್ರಿಕರ ಪಾಠ

ಏಳನೆಯ ಶತಮಾನದಲ್ಲಿ ಭಾರತವನ್ನೆಲ್ಲ ಸುತ್ತಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ತನ್ನ ಪ್ರವಾಸಕಥನದಲ್ಲಿ ಕೊಂಕಣಪುರ ಎಂಬ ರಾಜ್ಯವೊಂದನ್ನು ವರ್ಣಿಸಿದ್ದಾನೆ. ಅಲ್ಲಿ ನೂರಕ್ಕೂ ಹೆಚ್ಚು ಬೌದ್ಧ ವಿಹಾರಗಳಿದ್ದವು, ಹತ್ತು ಸಾವಿರದಷ್ಟು ಭಿಕ್ಷುಗಳಿದ್ದರು, ರಾಜಧಾನಿಯ ಉತ್ತರಕ್ಕೆ ತಾಳೆಮರಗಳ ದೊಡ್ಡ ವನವಿತ್ತು, ಅದರ ಗರಿಗಳನ್ನು ದೇಶದ ಎಲ್ಲ ಕಡೆಗಳಲ್ಲೂ ಬರೆಯಲು ಬಳಸುತ್ತಿದ್ದರು ಎಂದು ಅವನು ಹೇಳುತ್ತಾನೆ. ಈ ಕೊಂಕಣಪುರ ಯಾವುದೆಂಬ ಬಗ್ಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಚರ್ಚೆ ನಡೆದಿದೆ. ಫ್ರೆಂಚ್ ವಿದ್ವಾಂಸ ಸೇಂಟ್ ಮಾರ್ಟಿನ್ ಅದು ಬನವಾಸಿ ಇರಬಹುದೆಂದು ಸೂಚಿಸಿದ. ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ಆನೆಗೊಂದಿಯತ್ತ ಒಲವು ತೋರಿದ. ಬನವಾಸಿಯೇ ನಿಜವಾದ ಪಕ್ಷದಲ್ಲಿ, ಇಂದಿನ ಶಿರಸಿ ತಾಲ್ಲೂಕಿನ ಮಣ್ಣನ್ನು ಸುಮಾರು ಸಾವಿರದ ಮುನ್ನೂರ ಎಂಬತ್ತು ವರ್ಷಗಳ ಹಿಂದೆಯೇ ಒಬ್ಬ ಚೀನೀಯ ತುಳಿದಿದ್ದನೆಂದಾಯಿತು.

ಈಗ ಅದೇ ತಾಲ್ಲೂಕಿನಿಂದ ಪ್ರಯಾಣ ಹಿಮ್ಮುಖವಾಗಿ ನಡೆಯುವ ಸಾಧ್ಯತೆಯನ್ನು ನೋಡೋಣ. ಹೆಸರಿನಲ್ಲೇ ಮತ್ತಿಮರವನ್ನೂ ಘಟ್ಟವನ್ನೂ ಹೊತ್ತಿರುವ ಮತ್ತಿಘಟ್ಟದ ಹುಡುಗನೋ ಹುಡುಗಿಯೋ ಬೆಂಗಳೂರಿನಲ್ಲಿ ಓದುತ್ತ ಚೀನೀ ಭಾಷೆ ಕಲಿಯುವ ಮನಸ್ಸು ಮಾಡಿದರೆನ್ನಿ. ಬೇಸಿಗೆಯಲ್ಲಿ ಆರೆಂಟು ವಾರ ಚೀನಾದಲ್ಲೇ ಇದ್ದು ಮ್ಯಾಂಡರಿನ್ ಕಲಿಯುವ ತೀವ್ರ ಶಿಬಿರಗಳು ಹಲವಾರು ಇವೆ. ಎಲ್ಲರ ಕರಪತ್ರದಲ್ಲೂ ನಗುಮುಖದ ವಿದ್ಯಾರ್ಥಿಗಳು, ಮಹಾಗೋಡೆಯ ಚಿತ್ರ, ಕೊನೆಗೊಂದು ಪ್ರಮಾಣಪತ್ರದ ಭರವಸೆ. ಶುಲ್ಕ, ವಿಮಾನ, ವಸತಿ ಎಲ್ಲ ಸೇರಿದರೆ ಸಣ್ಣ ಹಿಡುವಳಿಯ ತೋಟದ ಮನೆಗೆ ಅದು ಹಗುರವಾದ ಖರ್ಚಲ್ಲ. ಹಾಗಿರುವಾಗ ಯಾವುದನ್ನು ಆರಿಸಬೇಕು, ಯಾವ ಪ್ರಶ್ನೆ ಕೇಳಿ ಆರಿಸಬೇಕು?

ಇದು ಹೊಸ ಕಾಲದ ಪ್ರಶ್ನೆಯೆಂದು ತೋರಬಹುದು. ಆದರೆ ಪರದೇಶಕ್ಕೆ ಹೋಗಿ ಭಾಷೆ ಕಲಿಯುವವರು ಇದನ್ನು ಬಹಳ ಹಿಂದಿನಿಂದ ಕೇಳಿಕೊಂಡು ಬಂದಿದ್ದಾರೆ. ಅದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಬರೆದಿಟ್ಟವನೂ ಒಬ್ಬ ಚೀನೀಯನೇ. ಅವನು ಹ್ಯೂಯೆನ್ ತ್ಸಾಂಗನ ತರುವಾಯ ಬಂದ ಇತ್ಸಿಂಗ್.

ಇತ್ಸಿಂಗ್ ಕ್ರಿ.ಶ. 671ರಲ್ಲಿ ದಕ್ಷಿಣ ಚೀನಾದ ಕ್ಯಾಂಟನ್ ಬಂದರಿನಿಂದ ಪರ್ಷಿಯದ ಹಡಗೊಂದನ್ನು ಹತ್ತಿದ. ನೇರವಾಗಿ ಭಾರತಕ್ಕೆ ಬರಲಿಲ್ಲ. ಸುಮಾರು ಇಪ್ಪತ್ತು ದಿನಗಳ ಪ್ರಯಾಣದ ನಂತರ ಸುಮಾತ್ರಾದ ಶ್ರೀವಿಜಯದಲ್ಲಿ ಇಳಿದು, ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣ ಕಲಿತ. 673ರಲ್ಲಿ ಬಂಗಾಳದ ತಾಮ್ರಲಿಪ್ತಿಗೆ ಬಂದ ಮೇಲೂ ನಾಲಂದಕ್ಕೆ ಧಾವಿಸಲಿಲ್ಲ. ತನಗಿಂತ ಮೊದಲೇ ಬಂದು ನೆಲೆಸಿದ್ದ ಚೀನೀ ಭಿಕ್ಷುವೊಬ್ಬನ ಜೊತೆಗಿದ್ದು ಸುಮಾರು ಒಂದು ವರ್ಷ ಭಾಷೆಯನ್ನು ಗಟ್ಟಿ ಮಾಡಿಕೊಂಡ. ನಾಲಂದದಲ್ಲಿ ಸುಮಾರು ಹತ್ತು ವರ್ಷ ಓದಿದ್ದು ಅದರ ನಂತರ. ಮುಂದೆ ತನ್ನ ದೇಶದವರಿಗೆ ಬುದ್ಧಿ ಹೇಳುತ್ತ, ಭಾರತಕ್ಕೆ ಹೋಗಬಯಸುವ ಭಿಕ್ಷು ಮೊದಲು ಶ್ರೀವಿಜಯದಲ್ಲಿ ಒಂದೆರಡು ವರ್ಷವಿದ್ದು ಅಭ್ಯಾಸ ಮಾಡಿ ಆಮೇಲೆ ಮುಂದುವರಿಯುವುದು ಒಳ್ಳೆಯದು ಎಂದು ಬರೆದ. ವ್ಯಾಕರಣವನ್ನು ಮೊದಲು ಕಲಿಯದೆ ಬೇರೆ ಶಾಸ್ತ್ರಗಳಿಗೆ ಕೈಹಾಕಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವೆಂದೂ ಎಚ್ಚರಿಸಿದ.

ಇದರ ತಾತ್ಪರ್ಯ ಸರಳ. ದೂರದ ದುಬಾರಿ ದಿನಗಳನ್ನು ಹತ್ತಿರದಲ್ಲೇ ಕಲಿಯಬಹುದಾದ ವಿಷಯಕ್ಕೆ ಖರ್ಚು ಮಾಡಬಾರದು. ಇಂದಿನ ವಿದ್ಯಾರ್ಥಿಗೆ ಶ್ರೀವಿಜಯ ಯಾವುದು? ಬೆಂಗಳೂರಿನಲ್ಲಿ ಚೀನೀ ಕಲಿಸುವ ತರಗತಿಗಳಿವೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಚೀನೀ ವಿಭಾಗವಿದೆ. ಶಾಂತಿನಿಕೇತನದಲ್ಲಿ ರವೀಂದ್ರನಾಥ ಟಾಗೋರರು ಚೀನೀ ವಿದ್ವಾಂಸ ತಾನ್ ಯುನ್-ಶಾನ್ ಅವರ ನೆರವಿನಿಂದ 1937ರಲ್ಲಿ ಆರಂಭಿಸಿದ ಚೀನಾಭವನವಿದೆ. ಎಲ್ಲಿ ಕಲಿತರೂ ಸರಿ, ಉಚ್ಚಾರದ ಬುನಾದಿ ಮತ್ತು ಕೆಲವು ನೂರು ಲಿಪಿಚಿಹ್ನೆಗಳನ್ನು ಇಲ್ಲೇ ಮುಗಿಸಿ ಹೋದವನಿಗೆ ಅಲ್ಲಿನ ಆರು ವಾರ ನಿಜಕ್ಕೂ ಆರು ವಾರವಾಗುತ್ತದೆ. ಏನೂ ಕಲಿಯದೆ ಹೋದವನಿಗೆ ಮೊದಲ ಮೂರು ವಾರ ಬಾಯಿ ತಿರುಗಿಸುವುದರಲ್ಲೇ ಕಳೆಯುತ್ತದೆ.

ಈ ಉಚ್ಚಾರದ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರಣೆ ನಾಲ್ಕು ಬಗೆಯ ಸ್ವರದಲ್ಲಿ ಬಂದು ನಾಲ್ಕು ಅರ್ಥ ಕೊಡುತ್ತದೆ. ‘ಮೈ’ ಎಂಬುದನ್ನು ಸ್ವರ ತಗ್ಗಿಸಿ ಎತ್ತಿ ಹೇಳಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಇಳಿಸಿ ಹೇಳಿದರೆ ಮಾರುವುದು. ವ್ಯಾಪಾರಕ್ಕೆ ಹೋದವನು ಇದರಲ್ಲಿ ತಪ್ಪಿದರೆ ಗತಿಯೇನು! ಸ್ವರ ಕೆಟ್ಟರೆ ಅರ್ಥ ಕೆಡುತ್ತದೆಂಬ ಮಾತು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವೈದಿಕ ಮನೆತನಗಳಿಗೆ ಹೊಸದಲ್ಲ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಯಜ್ಞ ಮಾಡಿದ ತ್ವಷ್ಟೃ ‘ಇಂದ್ರಶತ್ರು’ ಎಂಬ ಪದದ ಸ್ವರವನ್ನು ತಪ್ಪಾಗಿ ಹೇಳಿದ್ದರಿಂದ, ಇಂದ್ರನೇ ಕೊಲ್ಲುವ ಮಗ ಹುಟ್ಟಿದನೆಂಬ ಕಥೆಯನ್ನು ವೇದಪಾಠದ ಮೊದಲಿಗೇ ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ವಟುಗಳಿಗಾಗಿ ನಡೆಯುವ ವೇದಶಿಬಿರಗಳಲ್ಲಿ ಗುರು ಒಮ್ಮೆ ಹೇಳಿದ್ದನ್ನು ಮಕ್ಕಳು ಮತ್ತೆ ಮತ್ತೆ ಹೇಳಿ ಸಂಥೆ ಮಾಡುತ್ತಾರಲ್ಲ, ಬೀಜಿಂಗಿನ ತೀವ್ರ ಶಿಬಿರದಲ್ಲಿ ಬೆಳಗಿನ ಪಾಠ ನಡೆಯುವುದೂ ಹೆಚ್ಚುಕಡಿಮೆ ಹೀಗೆಯೇ. ವೇದದ ಸ್ವರವೂ ಚೀನೀ ಸ್ವರವೂ ಒಂದೇ ಎಂದಲ್ಲ. ಆದರೆ ಸ್ವರವನ್ನು ಕಿವಿಗೊಟ್ಟು ಹಿಡಿಯುವ ಅಭ್ಯಾಸ ಎರಡಕ್ಕೂ ಬೇಕು.

ಇನ್ನೊಂದು ಅನುಕೂಲ ಮಹಾಪ್ರಾಣದ್ದು. ಚೀನೀ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಚೀನಾ ಸರ್ಕಾರ 1958ರಲ್ಲಿ ಜಾರಿಗೆ ತಂದಿತು. ಅದರಲ್ಲಿ ‘ಬಿ’ ಎಂದು ಬರೆದ ರೋಮನ್ ಅಕ್ಷರ ನಮ್ಮ ‘ಪ’ಕ್ಕೆ ಹತ್ತಿರ. ‘ಪಿ’ ಎಂದು ಬರೆದದ್ದು ನಮ್ಮ ಮಹಾಪ್ರಾಣದ ‘ಫ’ಕ್ಕೆ ಹತ್ತಿರ. ಇಲ್ಲಿ ‘ಫ’ ಎಂದರೆ ‘ಫಲ’ವನ್ನು ವೇದಪಾಠದಲ್ಲಿ ತುಟಿ ಸೇರಿಸಿ ಹೇಳುವ ‘ಫ’, ‘ಫೋನ್’ ಎನ್ನುವಾಗಿನದಲ್ಲ. ಒಂದೇ ಸ್ವರದಲ್ಲಿ ‘ಪಾ’ ಎಂದರೆ ತಂದೆ, ‘ಫಾ’ ಎಂದರೆ ಹೆದರು. ಈ ವ್ಯತ್ಯಾಸ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಶುದ್ಧವಾಗಿ ಕಲಿತ ಕನ್ನಡಿಗನಿಗೆ ಒಂದು ವಾರದ ಕೆಲಸ. ಹೀಗಾಗಿ ಪಿನ್‌ಯಿನ್ ಕಲಿಯುವಾಗ ಪಕ್ಕದಲ್ಲಿ ಕನ್ನಡ ಅಕ್ಷರ ಬರೆದುಕೊಳ್ಳುವುದು ಇಂಗ್ಲಿಷನ್ನು ನಂಬುವುದಕ್ಕಿಂತ ಲೇಸು.

ಸಿದ್ಧತೆಯ ನಂತರದ ಪ್ರಶ್ನೆ ಊರಿನದು. ಇದನ್ನು ಮತ್ತಿಘಟ್ಟದ ಕಡೆಯಿಂದಲೇ ಯೋಚಿಸಬಹುದು. ಕನ್ನಡ ಕಲಿಯಬೇಕೆಂದು ಬಯಸಿದ ಚೀನೀ ವಿದ್ಯಾರ್ಥಿನಿಯೊಬ್ಬಳು ನಕ್ಷೆಯಲ್ಲಿ ಹಸಿರು ನೋಡಿ ಮತ್ತಿಘಟ್ಟದ ಸೀಮೆಗೆ ಬಂದಳೆನ್ನಿ. ಪುಸ್ತಕದಲ್ಲಿ ‘ನಾನು’ ಎಂದು ಕಲಿತವಳಿಗೆ ಹವ್ಯಕರ ಮನೆಯ ಜಗುಲಿಯಲ್ಲಿ ‘ಆನು’ ಕೇಳಿಸುತ್ತದೆ. ‘ಅಕ್ಕ ಬಂದಳು’ ಎಂದು ಕಲಿತವಳಿಗೆ ‘ಅಕ್ಕ ಬಂತು’ ಕೇಳಿಸುತ್ತದೆ. ಶಿರಸಿ ಪೇಟೆಗೆ ಬಂದರೆ ಅರ್ಧ ಮಾತು ಕೊಂಕಣಿಯಲ್ಲಿ. ಭಾಷಾಶಾಸ್ತ್ರ ಓದುವವಳಿಗೆ ಇದು ಹಬ್ಬ. ಹಳಗನ್ನಡದ ‘ಆನ್’ ಇಲ್ಲಿನ ನಾಲಿಗೆಯ ಮೇಲೆ ಇನ್ನೂ ಉಳಿದಿದೆಯಲ್ಲ ಎಂದು ಅವಳು ಹಿಗ್ಗಬಹುದು. ಆದರೆ ಆರು ವಾರದಲ್ಲಿ ಪತ್ರಿಕೆ ಓದುವಷ್ಟು, ಕಚೇರಿಯಲ್ಲಿ ಮಾತಾಡುವಷ್ಟು ಕನ್ನಡ ಬೇಕೆನ್ನುವವಳಿಗೆ ತರಗತಿಯೊಂದು ದಾರಿ, ಬೀದಿಯೊಂದು ದಾರಿ ಆಗುತ್ತದೆ.

ಚೀನಾದಲ್ಲಿ ಈ ಅಂತರ ಇನ್ನೂ ದೊಡ್ಡದು. ಅಲ್ಲಿ ಶಾಲೆಯಲ್ಲೂ ಆಕಾಶವಾಣಿಯಲ್ಲೂ ಬಳಕೆಯಾಗುವ ಶಿಷ್ಟಭಾಷೆಗೆ ‘ಫೂ-ಥೊಂಗ್-ಹ್ವಾ’, ಅಂದರೆ ಸರ್ವಸಾಮಾನ್ಯರ ಮಾತು, ಎಂದು ಹೆಸರು. 1950ರ ದಶಕದ ನಡುವಿನಲ್ಲಿ ಬೀಜಿಂಗ್ ಉಚ್ಚಾರವನ್ನು ಅದಕ್ಕೆ ಪ್ರಮಾಣವಾಗಿ ಇಟ್ಟುಕೊಂಡರು. ನಾವು ಮ್ಯಾಂಡರಿನ್ ಎಂದು ಕಲಿಯುವುದು ಇದನ್ನೇ. ಆದರೆ ಗುವಾಂಗ್‌ಝೌ ನಗರದ ಹಳೆಯ ಬೀದಿಗಳಲ್ಲಿ ಕ್ಯಾಂಟನೀಸ್, ಶಾಂಘೈಯಲ್ಲಿ ವೂ, ಹುನಾನ್ ಪ್ರಾಂತ್ಯದಲ್ಲಿ ಷಿಯಾಂಗ್ ಎಂಬ ಬೇರೆ ಮಾತುಗಳಿವೆ. ಬೀಜಿಂಗಿನವನಿಗೇ ಅವು ಸುಲಭವಾಗಿ ಅರ್ಥವಾಗುವುದಿಲ್ಲ. ಯುವಕರೆಲ್ಲ ಶಿಷ್ಟಭಾಷೆ ಬಲ್ಲರು ನಿಜ. ಆದರೂ ತರಕಾರಿ ಮಾರುವ ಅಜ್ಜಿಯ ಮಾತು ಪುಸ್ತಕದ ಮಾತಿಗೆ ಹೊಂದದ ಊರಿನಲ್ಲಿ, ತರಗತಿಯ ಹೊರಗಿನ ಅಭ್ಯಾಸ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಮೊದಲ ಬೇಸಿಗೆಗೆ ಉತ್ತರದ ಊರುಗಳು ಲೇಸೆಂದು ಅನುಭವಿಗಳು ಹೇಳುವುದು ಇದಕ್ಕೇ. ಬೀಜಿಂಗಿನವರು ಪದದ ತುದಿಗೆ ‘ರ್’ ಸೇರಿಸಿ ಮಾತು ಹೊರಳಿಸುವ ರೂಢಿಯುಂಟು. ಈಶಾನ್ಯದ ಹಾರ್ಬಿನ್ ನಗರ ಶಿಷ್ಟ ಉಚ್ಚಾರಕ್ಕೆ ಹೆಸರಾಗಿದೆ.

ಹುನಾನಿನ ಹೆಸರು ಬಂದದ್ದರಿಂದ ಶಿರಸಿಯವರಿಗೆ ಆಸಕ್ತಿಯ ಮಾತೊಂದನ್ನು ಇಲ್ಲೇ ಹೇಳಬಹುದು. ಆ ಪ್ರಾಂತ್ಯದ ಷಿಯಾಂಗ್‌ಥಾನ್ ನಗರ ಅಡಿಕೆ ಜಗಿಯುವುದಕ್ಕೆ ಪ್ರಸಿದ್ಧ. ಹೈನಾನ್ ದ್ವೀಪದಲ್ಲಿ ಬೆಳೆದ ಅಡಿಕೆಯನ್ನು ಅಲ್ಲಿ ಸಿಪ್ಪೆಸಮೇತ ಸಂಸ್ಕರಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಬಾಯಿಯ ಕ್ಯಾನ್ಸರಿನ ಭಯದಿಂದ ಚೀನಾ ಸರ್ಕಾರ 2021ರಲ್ಲಿ ರೇಡಿಯೋ ಟಿ.ವಿ.ಗಳಲ್ಲಿ ಅಡಿಕೆ ಜಾಹೀರಾತನ್ನು ನಿಷೇಧಿಸಿತು. ಅಡಿಕೆಗೆ ಅವರ ಹೆಸರು ‘ಪಿನ್‌ಲಾಂಗ್’. ಮಲಯ ಭಾಷೆಯ ‘ಪಿನಾಂಗ್’ನಿಂದ ಬಂದದ್ದು. 1923ರಷ್ಟು ಹಿಂದೆಯೇ ತೋಟಗಾರರ ಸಹಕಾರಿ ಸೊಸೈಟಿ ಕಟ್ಟಿದ ಊರಿನ ಹುಡುಗನಿಗೆ, ಚಾಲಿ ರಾಶಿಗಳ ವ್ಯತ್ಯಾಸವನ್ನು ಚೀನೀ ಭಾಷೆಯಲ್ಲಿ ವಿವರಿಸುವುದಕ್ಕಿಂತ ಒಳ್ಳೆಯ ಸಂಭಾಷಣೆಯ ಪಾಠ ಇನ್ನೊಂದಿಲ್ಲ. ಮಾತಾಡಲು ವಿಷಯವಿದ್ದವನಿಗೆ ಭಾಷೆ ಬೇಗ ಒಲಿಯುತ್ತದೆ. ಆದರೆ ಅದಕ್ಕಾಗಿ ಮೊದಲ ಬೇಸಿಗೆಯಲ್ಲೇ ಹುನಾನಿಗೆ ಹೋಗುವುದು ಬೇಡ. ಅದು ಎರಡನೆಯ ಪ್ರಯಾಣಕ್ಕಿರಲಿ.

ಇನ್ನು ಮೂರನೆಯ ಪ್ರಶ್ನೆ. ತರಗತಿ ಮುಗಿದ ಮೇಲೆ ದಿನದ ಉಳಿದ ಹೊತ್ತಿನಲ್ಲಿ ಏನು ನಡೆಯುತ್ತದೆ? ಕರಪತ್ರಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಕನ್ನಡ ಕಲಿತ ಪರದೇಶಿಯರ ಚರಿತ್ರೆ ಇಲ್ಲಿ ನೆರವಿಗೆ ಬರುತ್ತದೆ. ಕಂಪನಿ ಸರ್ಕಾರ ತನ್ನ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜನ್ನು ತೆರೆಯಿತು. ಆಗ ಕೆನರಾ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದರ ಉತ್ತರಭಾಗ ಮುಂಬಯಿಗೆ ಹೋದದ್ದು 1862ರಲ್ಲಿ. ಹೀಗಾಗಿ ಶಿರಸಿ ಕಡೆಗೆ ಬರುವ ಅಧಿಕಾರಿಗಳಿಗೂ ಕನ್ನಡ ಬೇಕಿತ್ತು. ಆ ಕಾಲೇಜಿನಿಂದ ನಮಗೆ ಲಾಭವಾಗದೆ ಇರಲಿಲ್ಲ. ಮೆಕೆರೆಲ್ ಸಾಹೇಬನ ಕನ್ನಡ ವ್ಯಾಕರಣ 1820ರಲ್ಲಿ ಬಂತು. ಅಲ್ಲಿ ಕನ್ನಡ ಪಂಡಿತರಾಗಿದ್ದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ 1838ರಲ್ಲಿ ಅಚ್ಚಾಯಿತು. ಆದರೆ ಕಲಿಕೆ ನಡೆಯುತ್ತಿದ್ದುದು ಮದರಾಸಿನಲ್ಲಿ, ಮುನ್ಷಿಯೊಬ್ಬರ ಎದುರು ಮೇಜಿಗೆ ಕುಳಿತು. ಮೇಜು ಬಿಟ್ಟು ಎದ್ದರೆ ಹೊರಗೆ ತಮಿಳು ತೆಲುಗು, ಊಟದ ಮನೆಯಲ್ಲಿ ಇಂಗ್ಲಿಷ್.

ಇದಕ್ಕೆ ಎದುರಾಗಿ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ನೋಡಿ. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಅವರು ಮಂಗಳೂರಿಗೆ ಬಂದದ್ದು 1853ರಲ್ಲಿ. ಮುಂದೆ ಧಾರವಾಡದ ಸೀಮೆಯಲ್ಲಿ ಕೆಲಸ. ಮಿಶನ್ನಿನ ಬಂಗಲೆಯಲ್ಲಿ ಯುರೋಪಿಯನ್ನರ ನಡುವೆ ಇರುವುದಕ್ಕಿಂತ ಹಳ್ಳಿಗಳಲ್ಲಿ ಓಡಾಡಿ ಜನರ ಬಾಯಿಂದ ಮಾತು ಕಲಿಯುವುದು ಅವರಿಗೆ ಇಷ್ಟವಾಗಿತ್ತು. ಹಿರಿಯ ಪಾದ್ರಿಗಳಿಗೆ ಈ ರೀತಿ ಹಿಡಿಸಲಿಲ್ಲ. ಆದರೆ 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ಹೊರಬಂದಾಗ, ಅದರಲ್ಲಿ ಕಾವ್ಯದ ಪದಗಳ ಪಕ್ಕದಲ್ಲೇ ಅಡಿಗೆಮನೆ ಹೊಲಮನೆಗಳ ಪದಗಳೂ ಗಾದೆಗಳೂ ಇದ್ದವು. ಮೇಜಿನಿಂದಷ್ಟೇ ಇಂಥ ನಿಘಂಟು ಹುಟ್ಟುವುದಿಲ್ಲ.

ಆಧುನಿಕ ತೀವ್ರ ಶಿಬಿರಗಳು ಈ ಹೊರಗಿನ ಹೊತ್ತನ್ನು ಹತೋಟಿಗೆ ತರಲು ಒಂದು ನಿಯಮ ಮಾಡಿಕೊಂಡಿವೆ. ಅದೇ ಭಾಷಾಪ್ರತಿಜ್ಞೆ. ಅಮೆರಿಕದ ಮಿಡಲ್‌ಬರಿ ಕಾಲೇಜು 1915ರಿಂದ ನಡೆಸಿಕೊಂಡು ಬಂದಿರುವ ಬೇಸಿಗೆ ಭಾಷಾಶಾಲೆಗಳಿಂದ ಈ ಪದ್ಧತಿ ಹೆಸರಾಯಿತು. ಶಿಬಿರ ಮುಗಿಯುವವರೆಗೆ ಕಲಿಯುವ ಭಾಷೆಯೊಂದನ್ನು ಬಿಟ್ಟು ಬೇರೆ ಭಾಷೆ ಆಡುವುದಿಲ್ಲವೆಂದು ವಿದ್ಯಾರ್ಥಿ ಬರೆದುಕೊಡುತ್ತಾನೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 1993ರಲ್ಲಿ ಬೀಜಿಂಗಿನಲ್ಲಿ ಆರಂಭಿಸಿದ ಎಂಟು ವಾರದ ಶಿಬಿರವೂ ಇದೇ ಮಾದರಿಯದು. ಶಿಬಿರ ಆರಿಸುವಾಗ ಕೇಳಬೇಕಾದದ್ದು ಪ್ರತಿಜ್ಞೆ ಇದೆಯೇ ಎಂಬುದಷ್ಟೇ ಅಲ್ಲ, ಅದನ್ನು ಪಾಲಿಸುತ್ತಾರೆಯೇ ಎಂಬುದು. ಹಿಂದಿನ ವರ್ಷ ಹೋಗಿಬಂದ ಇಬ್ಬರನ್ನು ವಿಚಾರಿಸಿದರೆ ನಿಜ ತಿಳಿಯುತ್ತದೆ. ಕೋಣೆಯಲ್ಲಿ ಜೊತೆಗಿರುವವರು ಚೀನೀಯರೋ ನಮ್ಮ ದೇಶದವರೋ? ದಿನಕ್ಕೆ ಒಬ್ಬೊಬ್ಬರಿಗೇ ಪ್ರತ್ಯೇಕ ಪಾಠವಿದೆಯೇ? ತರಗತಿಯಲ್ಲಿ ಎಷ್ಟು ಜನ? ಜುಲೈ ಆಗಸ್ಟ್ ತಿಂಗಳಲ್ಲಿ ಚೀನೀ ವಿದ್ಯಾರ್ಥಿಗಳೂ ರಜೆಗೆ ಊರಿಗೆ ಹೋಗಿರುತ್ತಾರೆ. ಖಾಲಿ ವಿದ್ಯಾರ್ಥಿನಿಲಯದಲ್ಲಿ ಪರದೇಶಿಯರಷ್ಟೇ ಉಳಿದರೆ, ಚೀನಾದಲ್ಲಿದ್ದೂ ಇಂಗ್ಲಿಷ್ ಅಭ್ಯಾಸವಾಗುವ ಅಪಾಯವಿದೆ.

ಭಾಷೆ ಸುತ್ತಲಿನ ಬದುಕಿನಿಂದ ಹೇಗೆ ಬರುತ್ತದೆಂದು ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ಶಿರಸಿ ಯಲ್ಲಾಪುರಗಳ ನೆರೆಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆ. ಅಲ್ಲಿ ಮತ್ತೆ ಕಟ್ಟಿದ ಡ್ರೆಪುಂಗ್ ವಿಹಾರದ ಗೋಮಾಂಗ್ ವಿದ್ಯಾಲಯಕ್ಕೆ ಮಂಗೋಲಿಯದಿಂದ, ರಷ್ಯದ ಬುರ್ಯಾತಿಯ ಕಲ್ಮಿಕಿಯಗಳಿಂದ ತರುಣ ಭಿಕ್ಷುಗಳು ಬರುತ್ತಾರೆ. ಅವರು ಓದಬೇಕಾದ ಗ್ರಂಥಗಳೂ ಮಾಡಬೇಕಾದ ವಾದಗಳೂ ಟಿಬೆಟಿ ಭಾಷೆಯಲ್ಲಿ. ಊಟ, ಪ್ರಾರ್ಥನೆ, ಅಂಗಳದಲ್ಲಿ ಕೈ ತಟ್ಟಿ ನಡೆಸುವ ತರ್ಕ, ಎಲ್ಲವೂ ಅದೇ ಭಾಷೆಯಲ್ಲಿ ಸಾಗುವುದರಿಂದ ಬೇರೆ ದಾರಿಯೇ ಇಲ್ಲ. ಪ್ರತಿಜ್ಞೆಯ ಕಾಗದವಿಲ್ಲದೆಯೇ ಪ್ರತಿಜ್ಞೆ ನಡೆಯುತ್ತದೆ. ಶಿಬಿರ ಆರಿಸುವವನು ಹುಡುಕಬೇಕಾದದ್ದು ಇಂಥ ವಾತಾವರಣವನ್ನು.

ಇಷ್ಟಾದ ಮೇಲೆ ಪಂಚಾಂಗ ಮತ್ತು ಲೋಕವ್ಯವಹಾರದ ಮಾತು. ಚೀನಾದ ಬೇಸಿಗೆ ಶಿಬಿರಗಳು ಸಾಮಾನ್ಯವಾಗಿ ಜೂನ್ ನಡುವಿನಿಂದ ಆಗಸ್ಟ್‌ವರೆಗೆ ನಡೆಯುತ್ತವೆ. ಅವರ ಬೇಸಿಗೆ ನಮ್ಮ ಮಳೆಗಾಲ. ನಮ್ಮ ರಜೆ ಏಪ್ರಿಲ್ ಮೇ ತಿಂಗಳಲ್ಲಿ ಕಳೆದು, ಘಟ್ಟದಲ್ಲಿ ಮಳೆ ಹಿಡಿದು ಕಾಲೇಜು ಶುರುವಾಗುವ ಹೊತ್ತಿಗೆ ಅಲ್ಲಿ ತರಗತಿ ಆರಂಭ. ಪದವಿ ಮುಗಿದ ವರ್ಷವನ್ನೋ ಕಾಲೇಜಿನ ಒಪ್ಪಿಗೆಯನ್ನೋ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಹಾಜರಾತಿ ಸಿಕ್ಕಿಬೀಳುತ್ತದೆ. ವೀಸಾದಲ್ಲೂ ಎಚ್ಚರ ಬೇಕು. 180 ದಿನದೊಳಗಿನ ಓದಿಗೆ ಪ್ರತ್ಯೇಕವಾದ ಅಲ್ಪಾವಧಿ ವಿದ್ಯಾರ್ಥಿ ವೀಸಾ ಇದೆ. ಅದಕ್ಕೆ ಪ್ರವೇಶಪತ್ರ ಕೊಡಲಾಗದ ಸಂಸ್ಥೆಗೆ ಮುಂಗಡ ಕಟ್ಟಬಾರದು.

ರಾಜಕೀಯವೂ ಭಾಷೆಯ ದಾರಿಗೆ ಅಡ್ಡ ಬರುತ್ತದೆ. ಕೋವಿಡ್ ಕಾಲದಲ್ಲಿ, 2020ರಿಂದ 2022ರವರೆಗೆ, ಚೀನಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳೇ ಮರಳಿ ಹೋಗಲಾರದೆ ಮನೆಯಲ್ಲಿ ಕೂತರು. ಎರಡು ದೇಶಗಳ ನಡುವೆ ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರಿನಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯ ಬೀಜಿಂಗಿನಲ್ಲಿ ನಡೆಸುತ್ತಿದ್ದ ಬೇಸಿಗೆ ಶಿಬಿರವನ್ನು 2022ರಿಂದ ತೈವಾನಿನ ತೈಪೆಗೆ ಸಾಗಿಸಿತು. ತೈವಾನಿನಲ್ಲಿ ಕಲಿಯುವುದಾದರೆ ಅಲ್ಲಿ ಇಂದಿಗೂ ಹಳೆಯ ಪೂರ್ಣ ಲಿಪಿ ಬಳಕೆಯಲ್ಲಿದೆಯೆಂಬುದು ನೆನಪಿರಲಿ. ಚೀನಾದಲ್ಲಿ 1956ರಿಂದ ಸರಳಗೊಳಿಸಿದ ಲಿಪಿ ಬಂದಿದೆ. ಎಲ್ಲಿಗೆ ಹೋಗುವುದಾದರೂ, ಶಿಬಿರ ರದ್ದಾದರೆ ಹಣ ಎಷ್ಟು ಮರಳುತ್ತದೆಂಬುದನ್ನು ಬರಹದಲ್ಲಿ ಪಡೆಯುವುದು ಮನೆಯ ಹಿರಿಯರ ಕೆಲಸ. ಹುಡುಗರು ಅದನ್ನು ಮರೆಯುತ್ತಾರೆ.

ಕೊನೆಯದು ಪ್ರಮಾಣಪತ್ರ. ಚೀನೀ ಭಾಷಾಜ್ಞಾನ ಅಳೆಯಲು ಎಚ್.ಎಸ್.ಕೆ. ಎಂಬ ಪರೀಕ್ಷೆಯಿದೆ. ಉದ್ಯೋಗಕ್ಕೂ ವಿದ್ಯಾರ್ಥಿವೇತನಕ್ಕೂ ಕೇಳುವುದು ಅದರ ಅಂಕವನ್ನು. ಶಿಬಿರದವರು ಕೊಡುವ ಅಂದದ ಕಾಗದ ಗೋಡೆಗೆ ತೂಗುಹಾಕಲು ಸರಿ. ಅದರ ಬೆಲೆ ನೋಡಿ ಶಿಬಿರ ಆರಿಸಿದರೆ ಲೆಕ್ಕ ತಪ್ಪುತ್ತದೆ.

ಇತ್ಸಿಂಗ್ ತಾಯ್ನಾಡಿಗೆ ಮರಳಿ ರಾಜಧಾನಿ ಸೇರಿದ್ದು 695ರಲ್ಲಿ, ಹೊರಟು ಇಪ್ಪತ್ತನಾಲ್ಕು ವರ್ಷಗಳ ನಂತರ. ಸಂಸ್ಕೃತ ಕಲಿಯುವ ಚೀನೀಯರಿಗಾಗಿ ಮಾಡಿದ ಸಾವಿರ ಪದಗಳ ಕೋಶವೊಂದು ಅವನ ಹೆಸರಿನಲ್ಲಿ ಉಳಿದುಬಂದಿದೆ. ಕಿಟ್ಟೆಲ್ ಅವರ ನಿಘಂಟಿಗೂ ಅವರು ಮಂಗಳೂರಿನಲ್ಲಿ ಇಳಿದ ದಿನಕ್ಕೂ ನಡುವೆ ನಲವತ್ತೊಂದು ವರ್ಷ. ಇವರ ಲೆಕ್ಕದಲ್ಲಿ ಎಂಟು ವಾರವೆಂದರೆ ಏನೂ ಅಲ್ಲ, ಆರಂಭವಷ್ಟೇ. ಆದ್ದರಿಂದ ಹೋಗುವ ಮೊದಲಿನ ಆರು ತಿಂಗಳು ಏನು ಕಲಿಯುವುದು, ಬಂದ ಮೇಲಿನ ಆರು ತಿಂಗಳು ಯಾರೊಡನೆ ಮಾತಾಡುವುದು ಎಂಬೆರಡನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡವರು ಶುಲ್ಕ ಕಟ್ಟಬಹುದು. ಆ ಹಾಳೆ ಖಾಲಿಯಾಗಿದ್ದರೆ, ಈ ಮಳೆಗಾಲ ಮನೆಯಲ್ಲೇ ಇದ್ದು ಕಲಿತು, ಮುಂದಿನ ವರ್ಷ ಹೊರಡುವುದು ಮೇಲು.